ತಂಗಿಯ ಅಂಕಪಟ್ಟಿಯನ್ನು ನಾನು ಓದಿದ್ದು

ನಮ್ಮ ಮನೆಯಲ್ಲಿ ಅಂಕಿಯಿರುವ ಯಾವ ಕಾಗದ ಬಂದರೂ ಅದು ಮೊದಲು ನನ್ನ ಕೈಗೇ ಬರಬೇಕು. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ರಕ್ತ ಪರೀಕ್ಷೆ ಮಾಡುವವಳು ನಾನು. ಆ ಜಂಭ ಸ್ವಲ್ಪ ಜಾಸ್ತಿಯೇ ಇತ್ತು. ಹಾಗಾಗಿ ತಂಗಿ ಡಾಕ್ಟರ್ ಲೈಸೆನ್ಸಿನ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿ ಅಂಕಪಟ್ಟಿ ತಂದಾಗ, ಅವಳು ಕುಳಿತುಕೊಳ್ಳುವ ಮೊದಲೇ ಕಿತ್ತುಕೊಂಡೆ.

ಪಾಸಾಗಲು ಬೇಕಾದ್ದಕ್ಕಿಂತ ಐದು ಅಂಕ ಕಡಿಮೆ. ಕೆಳಗೆ ವಿಷಯಕ್ಕೊಂದು ಅಡ್ಡಗೆರೆ: ಎಡಕ್ಕಿದ್ದಷ್ಟೂ ದುರ್ಬಲ, ಬಲಕ್ಕಿದ್ದಷ್ಟೂ ಗಟ್ಟಿ. ಮಕ್ಕಳ ಕಾಯಿಲೆಗಳ ಗೆರೆ ಮಾತ್ರ ಉದ್ದವಾಗಿ ಎಡತುದಿಯವರೆಗೆ ಚಾಚಿತ್ತು.

"ನೋಡು, ನಿನ್ನ ಮುಳುಗಿಸಿದ್ದು ಇದೇ. ಬೇರೆಲ್ಲ ಪಕ್ಕಕ್ಕಿಡು," ಎಂದೆ. ಅವಳು ತಲೆಯಾಡಿಸಿದಳು.

ಆರು ತಿಂಗಳು ಅವಳು ಮಕ್ಕಳ ಕಾಯಿಲೆಗಳನ್ನೇ ಉರು ಹೊಡೆದಳು. ಬೇರೆ ಪುಸ್ತಕ ಕೈಯಲ್ಲಿ ಕಂಡರೆ ನಾನೇ ಕಸಿದು ಕಪಾಟಿಗೆ ಸೇರಿಸುತ್ತಿದ್ದೆ. ಎರಡನೇ ಸಲ ಪಾಸಿಗೆ ಒಂಬತ್ತು ಅಂಕ ಕಡಿಮೆ ಬಂತು. ಇನ್ನುಳಿದದ್ದು ಒಂದೇ ಅವಕಾಶ. ಅದೂ ಬೇಡ, ನನ್ನ ತಲೆಯೇ ಇಷ್ಟು, ಯಾವುದಾದರೂ ಔಷಧಿ ಅಂಗಡಿಯಲ್ಲಿ ಕೆಲಸ ಕೇಳುತ್ತೇನೆ ಎಂದು ಅಮ್ಮನಿಗೆ ಹೇಳಿದಳು. ಪರೀಕ್ಷೆಗೆ ಅರ್ಜಿ ಹಾಕಲು ಎರಡು ದಿನ ಬಾಕಿಯಿತ್ತು.

ಈ ಸಲವೂ ದೋಷ ಹುಡುಕಿಕೊಡೋಣವೆಂದು ನಾನು ಎರಡೂ ಅಂಕಪಟ್ಟಿ ಹರಡಿ ಕುಳಿತೆ. ಅಷ್ಟೆಲ್ಲ ಓದಿದ ಮೇಲೂ ಮಕ್ಕಳ ಕಾಯಿಲೆಗಳ ಗೆರೆ ಮೊದಲಿನಷ್ಟೇ ಉದ್ದವಿತ್ತು. ಅನುಮಾನ ಬಂದು ಹಾಳೆಯ ಹಿಂಬದಿ ತಿರುಗಿಸಿದೆ. ಗೆರೆ ಉದ್ದವಿದ್ದರೆ ಆ ವಿಷಯದಲ್ಲಿ ಕೇಳಿದ ಪ್ರಶ್ನೆಗಳು ಕಡಿಮೆ, ಮಟ್ಟ ಖಚಿತವಿಲ್ಲ ಎಂದರ್ಥ, ಅದನ್ನೊಂದೇ ನೆಚ್ಚಬೇಡಿ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ನಾಲ್ಕು ಹನಿ ರಕ್ತ ಕಳಿಸಿದರೆ, ಇಷ್ಟರಲ್ಲಿ ಏನೂ ಹೇಳಲಾಗದು, ಇನ್ನೊಮ್ಮೆ ತೆಗೆಯಿರಿ ಎಂದು ದೊಡ್ಡ ಡಾಕ್ಟರಿಗೇ ಗದರುವವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಅವಳ ಆರು ತಿಂಗಳನ್ನು ನಾನೇ ಹಾಳು ಮಾಡಿದ್ದೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ದಿನ ಸುಮ್ಮನಿದ್ದೆ ಕೂಡ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕೊನೆಗೆ, ಬಟ್ಟೆ ಮಡಿಸುತ್ತಿದ್ದ ಅವಳ ಮುಂದೆ ಹೋಗಿ ನಿಂತೆ.

"ನಾನು ತಪ್ಪು ಓದ್ಬಿಟ್ಟಿದ್ದೆ ಕಣೇ. ನೀನು ದಡ್ಡಿಯಲ್ಲ. ಹಿಂದ್ಗಡೆ ಏನಿದೆ ನೋಡು."

ಅವಳು ಹಾಳೆ ತಿರುಗಿಸಲೇ ಇಲ್ಲ.

"ಅದನ್ನ ಮೊದಲನೇ ದಿನಾನೇ ಓದಿದ್ದೆ ಅಕ್ಕ. ಆದ್ರೆ ನೀನು ಅಷ್ಟು ಖಚಿತವಾಗಿ ಹೇಳ್ದೆ. ನನಗೇ ಅರ್ಥ ಆಗಿಲ್ವೇನೋ ಅಂದ್ಕೊಂಡೆ."

ಬೈದಿದ್ದರೆ ಸಹಿಸಬಹುದಿತ್ತು. ಅರ್ಜಿ ಹಾಕು ಎಂದು ಅಳುತ್ತಲೇ ಬೇಡಿಕೊಂಡೆ. ಯಾವ ಪುಸ್ತಕದಿಂದ ಶುರು ಮಾಡಬೇಕೆಂದೂ ಹೇಳಹೊರಟವಳು ನಾಲಿಗೆ ಕಚ್ಚಿಕೊಂಡೆ. ಅವಳು ಎರಡೂ ಅಂಕಪಟ್ಟಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮುಂದೆ ಕುಳಿತಳು.

"ಹಾಕ್ತೀನಿ. ಆದ್ರೆ ಈ ಸಲ ರಿಸಲ್ಟ್ ಬಂದಾಗ ನೀನು ನೋಡ್ಬೇಡ."

ಆಗಲಿ ಎಂದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ.