ಗದ್ದಕ್ಕೆ ಆರಿಸಿದ ತುಂಡು

ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಟೀಚರು. ಮಕ್ಕಳು ಅವಳ ತುಟಿ ನೋಡಿ ಮಾತು ಕಲಿಯುತ್ತಿದ್ದರು. ದಿನವಿಡೀ ಹದಿನಾಲ್ಕು ಜೊತೆ ಕಣ್ಣುಗಳು ನೆಟ್ಟಿರುತ್ತಿದ್ದ ಆ ಮುಖದ ಕೆಳಭಾಗವೇ ಅವಳಿಗೆ ಕಂಡರಾಗದು. ಗದ್ದ ಅನ್ನುವುದು ಇದ್ದೂ ಇಲ್ಲದಂತಿತ್ತು. ಮುಖ ತುಟಿಯಿಂದ ಜಾರಿ ಸೀದಾ ಕುತ್ತಿಗೆಗೆ ಇಳಿದುಬಿಡುತ್ತಿತ್ತು. ಚಿಕ್ಕಂದಿನಲ್ಲಿ ಓರಗೆಯವರು ‘ಗುಬ್ಬಿ’ ಎಂದು ಹೆಸರಿಟ್ಟರು. ಹೆಸರು ಮನೆಯೊಳಗೂ ಬಂತು. ಬಡಗಿ ಕೆಲಸದ ಅಪ್ಪ ಮುದ್ದಿನಿಂದ ಹಾಗೇ ಕರೆದ. ಅವನದೂ ಅದೇ ಗದ್ದ. ಅವನೇನೋ ಗಡ್ಡ ಬಿಟ್ಟು ಮುಚ್ಚಿಕೊಂಡಿದ್ದ. ಮಗಳಿಗೆ ಆ ಸೌಕರ್ಯ ಇರಲಿಲ್ಲ.

ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅಪ್ಪ ಮಗಳ ನಡುವೆ ಬೇಕಾದಷ್ಟೇ ಮಾತು. ಅವನು ಬೆಳಿಗ್ಗೆ ಅಂಗಡಿಗೆ ಹೋದರೆ ಸಂಜೆ ಮರದ ಹೊಟ್ಟು ಕೊಡವಿಕೊಂಡು ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗದ್ದಕ್ಕೆ ಆಪರೇಷನ್ ಮಾಡಿಸಿಕೊಳ್ಳುವ ವಿಷಯ ತೆಗೆದಾಗ ಬೈಯುತ್ತಾನೆ ಅಂದುಕೊಂಡಿದ್ದಳು. ಅವನು ಗೋಡೆಯಿಂದ ಇತ್ತ ಹೊರಳಿ, “ಯಾವಾಗ ಹೋಗೋದು? ನಾನೂ ಬರ್ತೀನಿ” ಅಂದ.

ಡಾಕ್ಟರಮ್ಮ ಮೇಜಿನ ಮೇಲೆ ಒಂದು ತಟ್ಟೆ ಇಟ್ಟರು. ಅದರಲ್ಲಿ ಬಾಗಿದ ಎರಡು ತುಂಡುಗಳು. ಒಂದು ಸಿಲಿಕೋನಿನದು, ನುಣ್ಣಗೆ, ರಬ್ಬರಿನಂತೆ ಬಳುಕುವಂಥದ್ದು. ಇನ್ನೊಂದು ಬಿಳಿಯ ಗಟ್ಟಿ ಪ್ಲಾಸ್ಟಿಕ್ಕು, ಮೈತುಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ತೂತು.

“ಸೊಂಟದಿಂದ ನಿಮ್ಮದೇ ಮೂಳೆ ತೆಗೆದು ಇಡಬಹುದು. ಆದ್ರೆ ಅದು ದಿನ ಹೋದ ಹಾಗೆ ಕರಗುತ್ತೆ. ಈ ನುಣ್ಣಗಿರೋದು ಅಪರೂಪಕ್ಕೆ ಜರುಗಬಹುದು. ಬೇಡ ಅನ್ಸಿದ್ರೆ ಸುಲಭವಾಗಿ ತೆಗೀಬಹುದು. ಈ ತೂತಿನದ್ರೊಳಗೆ ಮಾಂಸ ಬೆಳೆದು ಹಿಡ್ಕೊಳ್ಳುತ್ತೆ. ಅಲ್ಲಾಡೋದಿಲ್ಲ.”

ಅಪ್ಪ ಬಿಳಿಯ ತುಂಡನ್ನು ಎತ್ತಿಕೊಂಡ. ಉಗುರಿನಿಂದ ಗೀರಿದ, ಬೆಳಕಿಗೆ ಹಿಡಿದ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಅವನ ಮುಖ ಅರಳಿತ್ತು.

“ಅಂಟಿಲ್ಲ, ಮೊಳೆಯಿಲ್ಲ, ತಾನಾಗೇ ಕಚ್ಕೊಳ್ಳುತ್ತೆ ಅಂತೀರಾ?”

“ಮೊದಲು ಒಂದೆರಡು ಸ್ಕ್ರೂ ಹಾಕ್ತೀವಿ. ಆಮೇಲೆ ದೇಹಾನೇ ನೋಡ್ಕೊಳ್ಳುತ್ತೆ.”

“ತೆಗೀಬೇಕಾಗಿ ಬಂದ್ರೆ?” ಮಗಳು ಕೇಳಿದಳು.

“ಬಿಡಿಸಿ ಬಿಡಿಸಿ ತೆಗೀಬೇಕು. ಪಕ್ಕದಲ್ಲೇ ತುಟಿ ಆಡಿಸೋ ನರ ಇದೆ. ನನ್ನ ಕೇಳಿದ್ರೆ ನುಣ್ಣಗಿರೋದೇ ವಾಸಿ.”

“ಕೀಳೋ ಯೋಚ್ನೆ ಇಟ್ಕೊಂಡು ಯಾರಾದ್ರೂ ಬಾಗಿಲು ಕೂರಿಸ್ತಾರಾ ಗುಬ್ಬಿ? ಮಾಡಿದ ಕೆಲ್ಸ ಭದ್ರವಾಗಿರ್ಬೇಕು.”

ಅವಳ ಮನಸ್ಸು ಡಾಕ್ಟರಮ್ಮನ ಕಡೆಗೇ ಇತ್ತು. ಆದರೆ ಅಪ್ಪ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತು! ಆ ಮುಖ ಬಾಡಿಸಲು ಅವಳಿಗೆ ಮನಸ್ಸಾಗಲಿಲ್ಲ.

“ತೂತಿನದೇ ಇರ್ಲಿ” ಅಂದಳು.

ಆಪರೇಷನ್ ಹೂವೆತ್ತಿದ ಹಾಗೆ ಮುಗಿಯಿತು. ಆರು ತಿಂಗಳು ಅವಳು ಕನ್ನಡಿ ಕಂಡಲ್ಲೆಲ್ಲ ನಿಂತಳು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಮಗಳ ಫೋಟೋ ತೋರಿಸಿ, “ಪಕ್ಕದಿಂದ ನೋಡಿ, ಪಕ್ಕದಿಂದ” ಅನ್ನುತ್ತಿದ್ದ.

ಏಳನೆಯ ತಿಂಗಳು ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿತು. ಅದು ಇಳಿದು ಆ ತುಂಡಿಗೆ ಹತ್ತಿತು. ಗದ್ದ ಊದಿ ಕೆಂಡದಂತಾಯಿತು. ಮೂರು ವಾರದ ಮಾತ್ರೆ, ಇಂಜೆಕ್ಷನ್ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೊನೆಗೆ ಡಾಕ್ಟರಮ್ಮ, “ತೆಗೀಲೇಬೇಕು” ಅಂದರು. ಒಂದು ಗಂಟೆಯ ಕೆಲಸ ನಾಲ್ಕು ಗಂಟೆ ಹಿಡಿಯಿತು. ತುಂಡು ಚೂರುಚೂರಾಗಿ ಬಂತು. ಎಚ್ಚರವಾದಾಗ ಕೆಳತುಟಿಯ ಎಡಭಾಗ ಅವಳ ಮಾತು ಕೇಳಲಿಲ್ಲ. ನೀರು ಕುಡಿದರೆ ಬಾಯಿಂದ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು.

ಎರಡು ತಿಂಗಳ ಮೇಲೆ ತರಗತಿಗೆ ಹೋದಳು. “ಹೂವು” ಅಂದಳು, ಮುಂದಿನ ಸಾಲಿನ ಹುಡುಗಿ ಹುಲಿಯ ಚಿತ್ರ ಎತ್ತಿ ತೋರಿಸಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ದಿನ ಮುಗಿಯುವುದರೊಳಗೆ ಅಂಥ ತಪ್ಪು ಇಪ್ಪತ್ತಾದವು. ವಾರದೊಳಗೆ ಮಕ್ಕಳು ಅವಳ ಬಾಯಿ ನೋಡುವುದನ್ನೇ ಬಿಟ್ಟರು. ಆ ಮುಂದಿನ ಸಾಲಿನ ಹುಡುಗಿ ಒಂದು ದಿನ ಸ್ಲೇಟು ತಂದು ಹಿಡಿದಳು: ‘ಟೀಚರ್, ನನ್ನ ಮೇಲೆ ಕೋಪಾನಾ?’ ಸೊಟ್ಟಗಾದ ತುಟಿ ಮಗುವಿಗೆ ಸಿಡುಕಿನಂತೆ ಕಂಡಿತ್ತು. ಟೀಚರು ಸ್ಲೇಟಿನ ಮೇಲೆ ‘ಇಲ್ಲ ಮರಿ’ ಎಂದು ಬರೆದು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು.

ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. “ಸ್ವಲ್ಪ ದಿನದ ಮಟ್ಟಿಗೆ” ಎಂದು ಹೇಳಿ, ಕಿವಿಯ ಮಿಷನ್ನು ರಿಪೇರಿ ಮಾಡುವ ಹಿಂದಿನ ಕೋಣೆಗೆ ಹಾಕಿದರು. ಅಲ್ಲಿ ಯಾರೊಂದಿಗೂ ಮಾತಾಡುವ ಕೆಲಸವಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಬಂದು ಅವಳ ಎದುರು ಕೂತ.

“ಮರದ ಬುದ್ಧಿ ಮರಕ್ಕೇ ಸರಿ. ನಾನ್ಯಾಕೆ ಅಲ್ಲಿ ಬಾಯಿ ಹಾಕ್ದೆ?”

“ಆರಿಸಿದ್ದು ನಾನಪ್ಪಾ.”

“ನಿಂಗೆ ಆ ನುಣ್ಣಗಿರೋದು ಬೇಕಿತ್ತು. ಅಲ್ವಾ?”

ಸುಳ್ಳು ಹೇಳಬಹುದಿತ್ತು. “ಹೂಂ. ಆದ್ರೆ ನೀನು ಅವತ್ತು ಎಷ್ಟು ಖುಷಿಯಾಗಿದ್ದೆ ಗೊತ್ತಾ? ಅದಕ್ಕೇ...” ಅಂದಳು. ಸಮಾಧಾನವಾಗಲಿ ಎಂದು ಆಡಿದ ಮಾತು. ಅವನು ಪೆಟ್ಟು ತಿಂದವನಂತೆ ಕಣ್ಣು ಮುಚ್ಚಿಕೊಂಡ.

ವರ್ಷ ಕಳೆದರೂ ತುಟಿ ಅರ್ಧಂಬರ್ಧ ಸರಿಹೋಯಿತು ಅಷ್ಟೇ. ಇನ್ನು ಇಷ್ಟೇ ಎಂದು ಡಾಕ್ಟರಮ್ಮ ಹೇಳಿದರು. ಅಂಗಡಿಯಲ್ಲಿ ಅಪ್ಪ ಯಾರಿಗೂ ಸಲಹೆ ಕೊಡುವುದನ್ನು ನಿಲ್ಲಿಸಿದ. ಯಾವ ಮರ ಒಳ್ಳೇದು ಮೇಸ್ತ್ರೀ ಅಂದರೆ, “ನಿಮಗೆ ಯಾವ್ದು ಬೇಕೋ ಅದು” ಅನ್ನುತ್ತಿದ್ದ. ಜನ ಬೇರೆ ಬಡಗಿಯನ್ನು ಹುಡುಕಿಕೊಂಡರು.

ಅವನಿಂದ ಮಾತು ಹೊರಡಿಸಬೇಕೆಂದೇ ಅವಳು ತನ್ನ ಕೋಣೆಗೆ ಕಪಾಟು ಮಾಡಿಕೊಡು ಎಂದಳು. “ಗೋಡೆ ಸ್ವಲ್ಪ ತೇವ. ಯಾವ ಮರ ಹಾಕೋಣಪ್ಪಾ?”

“ನಿಂಗೆ ಯಾವ್ದು ಬೇಕೋ ಅದು ಮರಿ.”

ಅವಳು ಕಾದಳು. ಅವನು ಮುಂದೇನೂ ಹೇಳಲಿಲ್ಲ. ಅವಳೇ ಬಣ್ಣ ನೋಡಿ ಒಂದನ್ನು ಆರಿಸಿದಳು. ತೇವಕ್ಕೆ ಅದು ನಿಲ್ಲುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹದಿನೈದು ದಿನ ಕೂತು, ಒಂದು ಸಂದೂ ಕಾಣದ ಹಾಗೆ ಚೆಂದದ ಕಪಾಟು ಮಾಡಿಕೊಟ್ಟ. ಎರಡನೆಯ ವರ್ಷಕ್ಕೆ ಹಲಗೆಗಳು ಬಾಗಿದವು.