ಹೊಳೆ ದಾಟಿದ ನೆರಳಿನ ಕಡಸು

ನನ್ನ ಕಡಸು ಎದ್ದು ನಿಂತರೆ ಅದರ ನೆರಳು ಮೊರಾವಾ ಹೊಳೆ ದಾಟಿ ಆಚೆ ಊರಿನ ಮೇಲೆ ಬೀಳುತ್ತಿತ್ತು. ಅಲ್ಲಿಯ ಹೆಂಗಸರು ಮಟಮಟ ಮಧ್ಯಾಹ್ನ ದೀಪ ಹಚ್ಚಿಕೊಂಡು ನನಗೆ ಶಾಪ ಹಾಕುತ್ತಿದ್ದರು. ಅಂಥ ಕಡಸನ್ನು ಮಾರಿ, ಬಂದ ದಿನಾರ್ ನೋಟುಗಳನ್ನೆಲ್ಲ ಗೆಳೆಯ ಮಿಲೆಂತಿಯೆಯ ಕೈಗಿಟ್ಟೆ. ಅವನ ಮನೆ ಸೋರುತ್ತಿತ್ತು, ಹೆಂಚು ಬೇಕಿತ್ತು.

"ಯಾವಾಗ ತೀರಿಸ್ಲಿ, ವುಕೋಮನ್?"

"ಆದಾಗ ಕೊಡೋ. ನಮ್ಮಿಬ್ರ ಮಧ್ಯೆ ಎಂಥಾ ಲೆಕ್ಕ!" ಎಂದೆ, ರಾಜನ ಗತ್ತಿನಲ್ಲಿ.

ಅದು ಬೆಲೆಗಳು ಹುಚ್ಚೆದ್ದು ಓಡುತ್ತಿದ್ದ ವರ್ಷ. ಬೆಳಿಗ್ಗೆ ರೊಟ್ಟಿ ಬರುವ ದುಡ್ಡಿಗೆ ಸಂಜೆ ಅದರ ಪುಡಿಯೂ ಸಿಗುತ್ತಿರಲಿಲ್ಲ. ಚಳಿಗಾಲದ ಕೊನೆಗೆ ಮಿಲೆಂತಿಯೆ ಬಂದು ಅಷ್ಟೇ ನೋಟು ಎಣಿಸಿ ಕೊಟ್ಟ. ಅದಕ್ಕೆ ನನಗೆ ಸಿಕ್ಕಿದ್ದು ಒಂದು ಬೆಂಕಿಪೊಟ್ಟಣ.

"ಬೆಟ್ಟದಂಥ ಕಡಸು ನುಂಗಿದೆಯಲ್ಲೋ!"

"ತಗೊಂಡಷ್ಟೇ ಕೊಟ್ಟಿದೀನಪ್ಪ. ಒಂದು ನೋಟೂ ಕಮ್ಮಿ ಇಲ್ಲ."

ಅವತ್ತಿಂದ ನಮ್ಮಿಬ್ಬರ ಮಾತು ನಿಂತಿತು. ನಾನು ಹೆಂಡದಂಗಡಿಯಲ್ಲಿ ಕೂತು, ಅವನು ನನಗೆ ಒಂದು ಹಸು ಬಾಕಿ ಎಂದೆ. ಸುಗ್ಗಿಯ ಹೊತ್ತಿಗೆ ಅದು ಒಂದು ಹಿಂಡಾಯಿತು.

ನಮ್ಮಲ್ಲಿ ಮನೆತನ ಕಾಯುವ ಸಂತನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ನಮ್ಮವರಾದವರು ತಾವಾಗಿ ಬರಬೇಕು. ನನ್ನ ಹೆಂಡತಿ ತೀರಿಕೊಂಡ ಮೇಲೂ ತಪ್ಪದೆ ಬರುತ್ತಿದ್ದವನು ಮಿಲೆಂತಿಯೆ ಒಬ್ಬನೇ. ಆ ಡಿಸೆಂಬರಿನಲ್ಲಿ ಅದೇ ಬೆಂಕಿಪೊಟ್ಟಣದ ಕಡ್ಡಿ ಗೀರಿ ಮೇಣದಬತ್ತಿ ಹಚ್ಚಿದೆ. ಹಬ್ಬದ ಗೋಧಿ ಬೇಯಿಸಿಟ್ಟೆ, ಬಂದವರ ಜೊತೆ ಸೇರಿ ಮುರಿಯಬೇಕಾದ ರೊಟ್ಟಿ ಮುರಿಯದೆ ಕಾದೆ. ಬತ್ತಿ ಅರ್ಧ ಕರಗಿತು. ಬಾಗಿಲು ಸದ್ದು ಮಾಡಲಿಲ್ಲ.

ಕೊನೆಗೆ ಬಂದವಳು ಹಾಲಿನ ಸಂಘದ ಲೆಕ್ಕ ನೋಡುವ ಸ್ತೋಯಾಂಕಾ.

"ಎಲ್ಲಿ, ಹಬ್ಬಕ್ಕೆ ಬಂದವರು?"

"ಮುನ್ನೂರು ಜನ ಈಗಷ್ಟೇ ಉಂಡು ಹೋದ್ರು."

"ಹಾರ್ಕೊಂಡು ಹೋದ್ರಾ? ಅಂಗಳದ ಹಿಮದ ಮೇಲೆ ನನ್ನ ಹೆಜ್ಜೆ ಬಿಟ್ರೆ ಇಲ್ಲ. ಹಾಂ, ಬೇಲಿ ತನಕ ಬಂದು ವಾಪಸ್ ಹೋದ ಹೆಜ್ಜೆ ಇವೆ. ಮಿಲೆಂತಿಯೆ ದಾರೀಲಿ ಸಿಕ್ಕಿದ್ದ."

ನಾನು ಕಿಟಕಿಯಿಂದ ಬೇಲಿಯತ್ತ ಇಣುಕಿದೆ. "ಮತ್ತೆ ಒಳಗ್ಯಾಕೆ ಬರ್ಲಿಲ್ಲ?"

"ನೀನು ಬಾಯಿ ತೆಗೆದಾಗಲೆಲ್ಲ ಆ ಕಡಸು ಬೆಳೆಯುತ್ತೆ. ಅವನು ಎಷ್ಟು ಅಂತ ತೀರಿಸ್ಲಿ? ಬರೀ ನೋಟು ಎಣಿಸಿದ್ದು ಅವನ ತಪ್ಪೇ. ಆವತ್ತು ಆ ದುಡ್ಡಿಗೆ ಏನು ಬರ್ತಿತ್ತೋ ಅಷ್ಟು ಕೊಡೋದು ನ್ಯಾಯ. ಅದಕ್ಕಿಂತ ಹೆಚ್ಚು ಕೇಳೋದೂ ಅನ್ಯಾಯ ಕಣೋ. ಹೋಗಿ ಕರಿ."

"ಹಬ್ಬಕ್ಕೆ ಕರೆಯೋ ಹಾಗಿಲ್ವಲ್ಲ!"

"ಹಬ್ಬಕ್ಕೆ ಕರೀಬೇಡ, ಪುಣ್ಯಾತ್ಮ. ಲೆಕ್ಕಕ್ಕೆ ಕರಿ."

ಕರೆದೆ. ಮಿಲೆಂತಿಯೆ ಬಂದು ನನ್ನ ಮನೆ ಬಾಗಿಲಲ್ಲೇ ಟೋಪಿ ಹಿಂಡುತ್ತ ನಿಂತ.

"ವಸಂತದಲ್ಲಿ ನನ್ನ ಹಸು ಈಯುತ್ತೆ. ಕರು ಹೆಣ್ಣಾದ್ರೆ ಸಾಕಿ, ಕಡಸು ಮಾಡಿ ಕೊಡ್ತೀನಿ. ಗಂಡಾದ್ರೆ ಮಾರಿ, ಕಮ್ಮಿ ಬಿದ್ದದ್ದು ಕಂತಲ್ಲಿ. ಒಂದೇ ಮಾತು ಹೇಳು: ನಿಂದು ಎಷ್ಟು ದೊಡ್ಡದಿತ್ತು?"

ಹೊಳೆ, ನೆರಳು ಎಲ್ಲ ನಾಲಿಗೆ ತುದಿಗೆ ಬಂದವು. ಸ್ತೋಯಾಂಕಾ ಕೆಮ್ಮಿದಳು.

"ಸಣ್ಣದು ಕಣೋ," ಎಂದೆ. "ಕುಂಟುತ್ತಿತ್ತು."

ಅವನು ಟೋಪಿ ಮೊಳೆಗೆ ಸಿಕ್ಕಿಸಿ ರೊಟ್ಟಿಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಮುರಿದೆವು.

ಅಣ್ಣಂದಿರೇ, ಅಕ್ಕಂದಿರೇ, ಗೆಳೆಯರಿಗೆ ಧಾರಾಳವಾಗಿ ಸಾಲ ಕೊಡಿ. ಆದರೆ ಕೊಡುವ ದಿನವೇ ಕೂತು ಮಾತಾಡಿ: ಎಷ್ಟು, ಯಾವಾಗ, ಬೆಲೆ ಏರಿದರೆ ಹೇಗೆ. ಎರಡು ಸಾಲು ಬರೆದು ಇಬ್ಬರೂ ಇಟ್ಟುಕೊಳ್ಳಿ. ಸ್ನೇಹಕ್ಕೆ ಅವಮಾನವೆಂದು ನನ್ನ ಹಾಗೆ ಜಂಬ ಮಾಡಬೇಡಿ. ಮುನ್ನೂರು ಜನ ಎಂದೆನಲ್ಲ? ಸ್ತೋಯಾಂಕಾ ಬರುವ ತನಕ ಆ ಹಬ್ಬದಲ್ಲಿ ನನ್ನ ಜೊತೆ ಕೂತಿದ್ದದ್ದು ನನ್ನ ನಾಯಿ ಮಾತ್ರ.