ಹೊಲಿಗೆ ಮಿಷನ್ನಿನ ಮೇಲೆ ಬಂದ ಅಪವಾದ

ಮನೆಗಾಡಿಯ ಎಡಗಡೆ ಹಿಂದಿನ ಟೈರು ಎರಡೂ ಅಂಚಿನಲ್ಲಿ ಸವೆದು ನುಣ್ಣಗಾಗಿತ್ತು. ಮಂಚ, ಒಲೆ ಎಲ್ಲ ಇದ್ದ ಆ ಗಾಡಿಯಲ್ಲಿ ಮನೆಮಂದಿಯೆಲ್ಲ ಪ್ರತಿವರ್ಷದಂತೆ ತಿಂಗಳ ಪ್ರವಾಸಕ್ಕೆ ಹೊರಡುವವರಿದ್ದರು. ಅಳಿಯ ಟೈರು ನೋಡಿದವನೇ ತೀರ್ಪು ಕೊಟ್ಟುಬಿಟ್ಟ: "ಅತ್ತೆ, ಇದು ನಿಮ್ಮ ಹೊಲಿಗೆ ಮಿಷನ್ನಿನ ಕೆಲಸ. ಅದನ್ನ ಮನೇಲೇ ಬಿಡಿ."

"ಹಾಗಾದ್ರೆ ನನ್ನನ್ನೂ ಬಿಟ್ಟುಹೋಗಿ," ಎಂದಳು ಅಜ್ಜಿ. ಬಾಯಲ್ಲಿ ಹಾಗಂದಳಷ್ಟೆ. ನಲವತ್ತು ವರ್ಷ ಬಟ್ಟೆ ಹೊಲಿದವಳು. ತಿಂಗಳಿಡೀ ಕೈಕಟ್ಟಿ ಕೂರುವುದು ಅವಳಿಂದಾಗದು, ಎಲ್ಲರನ್ನೂ ಕಳಿಸಿ ಒಬ್ಬಳೇ ಉಳಿಯುವುದೂ ಆಗದು.

ಮೊಮ್ಮಗಳು ಆರು ವರ್ಷದಿಂದ ಟೈರ್ ಅಂಗಡಿಯಲ್ಲಿ ಮೆಕ್ಯಾನಿಕ್. ಮಗಳು ಕೈ ಮಸಿ ಮಾಡಿಕೊಳ್ಳುತ್ತಾಳೆಂದು ಅಳಿಯ ಮೂಗು ಮುರಿಯುತ್ತಲೇ ಇದ್ದ. ಅವಳು ಸಾಮಾನು ತುಂಬಿದ ಗಾಡಿಯನ್ನು ಅಂಗಡಿಗೆ ತರಿಸಿ ಒಂದೊಂದೇ ಚಕ್ರದ ಮೇಲೆ ಬೀಳುವ ಭಾರ ತೂಗಿದಳು.

"ಎಡಗಡೆ ನೂರೈವತ್ತು ಕಿಲೋ ಜಾಸ್ತಿ. ಮಿಷನ್ನು ಇರೋದೇ ಮೂವತ್ತು. ಉಳಿದದ್ದು ಯಾರದಪ್ಪಾ?"

ಉಳಿದದ್ದು ಅಪ್ಪನದೇ. ದಾರಿಯಲ್ಲಿ ಬೇಕಾದೀತೆಂದು ತುಂಬಿಕೊಂಡ ಸ್ಪ್ಯಾನರು, ಜಾಕಿ, ಸುತ್ತಿಗೆಗಳ ನಾಲ್ಕು ಪೆಟ್ಟಿಗೆ. ಒಂದು ಸಲವೂ ಮುಚ್ಚಳ ತೆಗೆದವನಲ್ಲ.

"ಗಾಳಿ ಯಾವಾಗ ನೋಡ್ತೀಯಾ?"

"ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ. ಯಾವತ್ತೂ ಸರಿಯಾಗೇ ಇರುತ್ತೆ."

"ಓಡಿ ಬಿಸಿಯಾದ ಟೈರಲ್ಲಿ ಗಾಳಿ ಜಾಸ್ತಿಯೇ ತೋರಿಸುತ್ತೆ ಅಪ್ಪಾ. ತಣ್ಣಗಿರುವಾಗ ನೋಡಿದ್ರೆ ಕಮ್ಮಿ. ಭಾರ ಜಾಸ್ತಿ, ಗಾಳಿ ಕಮ್ಮಿ. ಅಂಚು ಸವೆಯದೆ ಇನ್ನೇನಾಗುತ್ತೆ?"

ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಮೊಮ್ಮಗಳು ಮೂರು ಪೆಟ್ಟಿಗೆ ಕೆಳಗಿಳಿಸಿ, ನಾಲ್ಕನೆಯದನ್ನು ಬಲಗಡೆಗೆ ಸರಿಸಿ, ಮಿಷನ್ನನ್ನು ಗಾಡಿಯ ನಡುಮಧ್ಯಕ್ಕೆ ಬಿಗಿದಳು. ಹಿಂದಿನ ಎರಡೂ ಟೈರು ಹೊಸವು ಬಂದವು. ಮರುದಿನ ಬೆಳಿಗ್ಗೆ, ಗಾಡಿ ಅಲುಗುವ ಮೊದಲೇ, ಭಾರಕ್ಕೆ ತಕ್ಕಷ್ಟು ಗಾಳಿ ತುಂಬಲು ಕೂತಳು.

ಆಗ ಅಂಗಡಿಗೆ ಇನ್ನೊಂದು ಮನೆಗಾಡಿ ಬಂದು ನಿಂತಿತು. "ಟೈರು ಒಂದೇ ಕಡೆ ಸವೆದಿದೆ. ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದ್ದಾರಾ?" ಎಂದು ಅದರ ಯಜಮಾನ ಅಳಿಯನನ್ನೇ ಕೇಳಿದ.

ಅಜ್ಜಿ ಕಿವಿ ನಿಮಿರಿಸಿದಳು. ಈ ಮನುಷ್ಯ ಏನು ಹೇಳಿಯಾನು?

"ಅಗೋ, ಮಸಿ ಕೈಯವಳು," ಎಂದ ಅಳಿಯ. "ನನ್ನ ಮಗಳು. ನನ್ನ ತಪ್ಪನ್ನೇ ಹಿಡಿದವಳು."

ಚಕ್ರದ ಬಳಿ ಕೂತಿದ್ದ ಮೊಮ್ಮಗಳು ತಲೆ ಎತ್ತಲಿಲ್ಲ, ಆದರೆ ಅವಳ ಕೈ ಒಂದು ಗಳಿಗೆ ನಿಂತಿತು. ಅಜ್ಜಿಯ ಎದೆ ಹೆಮ್ಮೆಯಿಂದ ತುಂಬಿಬಂತು. ಆರು ವರ್ಷ ಆ ಹುಡುಗಿ ಕಾದ ಮಾತದು. ಮಿಷನ್ನು ಮನೆಯಲ್ಲೇ ಉಳಿದಿದ್ದರೂ, ಈ ಮಾತು ಕೇಳಿದ ಮೇಲೆ ಇವತ್ತು ತಾನು ಹೊರಟೇಬಿಡುತ್ತಿದ್ದೆ ಎಂದುಕೊಂಡು ಅಜ್ಜಿ ಗಾಡಿ ಹತ್ತಿದಳು.